ಹೊರಟ ನೆಂಟರ ಬುತ್ತಿಗೆ ಕೈ ಹಾಕಬ್ಯಾಡ್ರಿ

ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋಯ್ತು ಎನ್ನುವುದು ಹಿರಿಯರ ಮಾತು. ಆ ಚಳಿಯ ಬೆನ್ನಿಗೇ ನಮ್ಮ ಜಿಲ್ಲೆ ಬಿಟ್ಟು ಹೊರಡುವ ನೆಂಟರಿದ್ದಾರೆ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತುಗಳು. ಚಳಿಗಾಲ ಶುರುವಾದಾಗ ಬಂದಿಳಿಯುತ್ತವೆ, ಮಾರ್ಚ್ ಹೊತ್ತಿಗೆ ಗಂಟು ಕಟ್ಟುತ್ತವೆ. ಬರುವಾಗ ಪೇಪರಿನಲ್ಲಿ ಫೋಟೋ, ಕೆರೆ ದಂಡೆಗೆ ಮಂದಿಯೋ ಮಂದಿ. ಹೋಗುವಾಗ ಕೇಳುವವರಿಲ್ಲ. ಆದರೆ ಈ ಹಕ್ಕಿಗಳಿಗೆ ನಮ್ಮ ಉಪಕಾರ ಹೆಚ್ಚು ಬೇಕಾದದ್ದು ಹೋಗುವ ಮುಂಚಿನ ನಾಲ್ಕಾರು ವಾರಗಳಲ್ಲಿಯೇ.

ಇವು ಹೋಗುವ ಊರು ಎಲ್ಲಿದೆ ಗೊತ್ತೇನ್ರಿ? ಹಿಮಾಲಯದ ಆಚೆ. ಟಿಬೆಟ್ಟಿನ ಎತ್ತರದ ಸರೋವರಗಳು, ಇನ್ನೂ ಮುಂದೆ ಮಂಗೋಲಿಯಾ. ಮೊಟ್ಟೆ, ಮರಿ ಎಲ್ಲ ಅಲ್ಲಿ. ಇದು ಊಹೆಯಲ್ಲ. ಮಂಗೋಲಿಯಾದಲ್ಲಿ ಕೊರಳಿಗೆ ಗುರುತಿನ ಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ಹಕ್ಕಿಯ ತೂಕ ಎರಡು ಮೂರು ಕಿಲೋ. ಮೈ ಬೂದು, ಬಿಳಿ ತಲೆಯ ಹಿಂಬದಿಗೆ ಎರಡು ಕಪ್ಪು ಪಟ್ಟೆ. ಬೆನ್ನಿಗೆ ಸಣ್ಣ ಯಂತ್ರ ಕಟ್ಟಿ ಉಪಗ್ರಹದಿಂದ ಲೆಕ್ಕ ಇಟ್ಟ ವಿಜ್ಞಾನಿಗಳು ಇವು 7,000 ಮೀಟರಿಗೂ ಮೇಲೆ ಹಾರಿದ್ದನ್ನು ದಾಖಲಿಸಿದ್ದಾರೆ. ಅಷ್ಟೆತ್ತರದಲ್ಲಿ ಸಿಗುವ ಆಮ್ಲಜನಕ ನಮ್ಮ ಊರಲ್ಲಿ ಸಿಗುವುದರ ಅರ್ಧಕ್ಕಿಂತ ಕಡಿಮೆ. ಹದ್ದಿನ ಹಾಗೆ ರೆಕ್ಕೆ ಚಾಚಿ ಗಾಳಿಯಲ್ಲಿ ತೇಲುವ ಸುಖವೂ ಇವಕ್ಕಿಲ್ಲ. ರೆಕ್ಕೆ ಬಡಿದು ಬಡಿದೇ ಗುಡ್ಡ ದಾಟಬೇಕು.

ಇಷ್ಟು ದೂರದ ದಾರಿಗೆ ಬುತ್ತಿ ಬೇಕಲ್ಲ? ಆ ಬುತ್ತಿ ಅಂದರೆ ಮೈಮೇಲಿನ ಕೊಬ್ಬು. ಹೊರಡುವ ಮುಂಚೆ ಹಕ್ಕಿ ಮೇಯ್ದು ಮೇಯ್ದು ಅದನ್ನು ಕೂಡಿಸಿಕೊಳ್ಳಬೇಕು. ಕತ್ತಲಾಗುತ್ತಲೇ ಹೊಲಕ್ಕೆ, ಹಗಲು ಕೆರೆಯಲ್ಲಿ ವಿಶ್ರಾಂತಿ. ಈಗ ಹಗಲು ಹತ್ತು ಗಂಟೆಗೆ ಒಬ್ಬ ಪುಣ್ಯಾತ್ಮ ಮೊಬೈಲು ಹಿಡಿದು ನೀರಿನ ಅಂಚಿಗೇ ಹೋಗಿ ಹೋ ಅಂತ ಕೂಗುತ್ತಾನೆ. ಸಾವಿರ ಹಕ್ಕಿ ಒಮ್ಮೆಲೇ ಏಳುತ್ತವೆ. ಫೋಟೋ ಭಾಳ ಚಂದ ಬಂತು. ಆದರೆ ಎರಡು ಮೂರು ಕಿಲೋ ಮೈ ನೀರಿನಿಂದ ಮೇಲೇಳಬೇಕಾದರೆ ಖರ್ಚಾದದ್ದು ಎಷ್ಟು? ದಿನಕ್ಕೆ ನಾಲ್ಕು ಸಲ ಹೀಗಾದರೆ ಬುತ್ತಿ ಕೆರೆ ದಂಡೆಯಲ್ಲೇ ಖಾಲಿ. ಅಂಗಡಿಕಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದಿನವೂ ಬಂಡವಾಳದಿಂದಲೇ ತಿಂದರೆ ಅಂಗಡಿ ಎಷ್ಟು ದಿನ ನಡೆದೀತು?

'ಹಕ್ಕಿ ಹಾರಿದ್ರ ಏನಾತ್ರಿ, ತಿರುಗಿ ಬಂದು ಕೂಡ್ತಾವಲ್ಲ' ಎನ್ನುವವರಿದ್ದಾರೆ. ಕೂಡ್ತಾವೆ, ನಿಜ. ಆದರೆ ಬಡಕಲಾಗಿ ಹೊರಟ ಹಕ್ಕಿ ದಾರಿಯಲ್ಲಿ ಎಲ್ಲಿ ಬಿತ್ತು ಅಂತ ನಮಗೆ ಯಾರು ಬಂದು ಹೇಳಬೇಕು?

ಇನ್ನೊಂದು ಮಾತು. ಈ ನೆಂಟರಿಗೆ ಊಟ ಹಾಕುತ್ತಿರುವವರು ಯಾರು? ನಾವು ಪೇಟೆ ಮಂದಿ ಅಲ್ಲ. ಕೆರೆ ಸುತ್ತಲಿನ ರೈತರು. ಹೆಬ್ಬಾತು ಮೇಯುವ ಹಕ್ಕಿ. ಹುಲ್ಲು ತಿಂದಂತೆ ಹೊಲದ ಬೆಳೆಯನ್ನೂ ತಿನ್ನುತ್ತದೆ. ನೋಡಿ ಖುಷಿ ಪಡುವವರು ಒಬ್ಬರು, ನಷ್ಟ ಹೊರುವವರು ಇನ್ನೊಬ್ಬರು. ಮಾಗಡಿ ಕೆರೆ ಹಕ್ಕಿಗಾಗಿ ಕಟ್ಟಿದ ಕೆರೆಯೂ ಅಲ್ಲ. ಮಳೆ ನೀರು ಹಿಡಿದು ಹೊಲಕ್ಕೆ ಕೊಡಲು ಕಟ್ಟಿದ ಸುಮಾರು 50 ಹೆಕ್ಟೇರ್ ಕೆರೆ. ರೈತ ಬೇಡ ಅಂದಿದ್ದರೆ ಹಕ್ಕಿ ಎಂದೋ ಬೇರೆ ದಾರಿ ಹಿಡಿಯುತ್ತಿತ್ತು. ಅವನ ಹೊಲದ ಲೆಕ್ಕ ಬರೆಯದೆ ಹಕ್ಕಿ ರಕ್ಷಣೆಯ ಭಾಷಣ ಮಾಡುವುದು ನ್ಯಾಯವಲ್ಲ.

2024ರ ಜನವರಿಯಲ್ಲಿ ಈ ಕೆರೆಗೆ ರಾಮ್ಸಾರ್ ಪಟ್ಟ ಬಂತು. 1971ರಲ್ಲಿ ಇರಾನಿನ ರಾಮ್ಸಾರ್ ಊರಿನಲ್ಲಿ ಆದ ಒಪ್ಪಂದದಂತೆ ಜಗತ್ತಿನ ಮಹತ್ವದ ಕೆರೆ, ಜೌಗು ಪ್ರದೇಶಗಳಿಗೆ ಕೊಡುವ ಮನ್ನಣೆ ಅದು. ನಮ್ಮ ರಾಜ್ಯದಲ್ಲಿ 2022ರಲ್ಲಿ ರಂಗನತಿಟ್ಟಿಗೆ ಸಿಕ್ಕಿತ್ತು. 2024ರಲ್ಲಿ ಮಾಗಡಿ ಜೊತೆ ಅಂಕಸಮುದ್ರ, ಅಘನಾಶಿನಿ ಅಳಿವೆಗೂ ಸಿಕ್ಕಿತು. ಪ್ರತಿ ಚಳಿಗಾಲ ಮಾಗಡಿಗೆ 8,000ದಷ್ಟು ಹಕ್ಕಿ ಬರುತ್ತವೆ ಎಂದು ಸರ್ಕಾರವೇ ಆಗ ಹೇಳಿದೆ. ಹೆಸರು ಬಂದ ಮೇಲೆ ಮಂದಿ ಹೆಚ್ಚೇ ಬರುತ್ತಾರೆ. ಬರಲಿ. ಚಹಾ ಅಂಗಡಿ ನಡೆಯಲಿ, ಗಿರ್ಮಿಟ್ ಮಿರ್ಚಿ ಖರ್ಚಾಗಲಿ. ಅದರ ಖಾಲಿ ಪ್ಲಾಸ್ಟಿಕ್ ಚೀಲ ಮಾತ್ರ ಕೆರೆಗೆ ಬೀಳದಿರಲಿ.

ಹಾಗಾದರೆ ನೋಡಲೇಬಾರದೇನ್ರಿ? ಖಂಡಿತ ನೋಡಬೇಕು, ಮಕ್ಕಳನ್ನೂ ಕರಕೊಂಡು ಹೋಗಬೇಕು. ಬೆಳಗಾಗುವ ಹೊತ್ತು ಅಥವಾ ಸಂಜೆ ಹೋಗಿ. ಏರಿಯಿಂದ ಇಳಿಯದೆ ಒಂದು ಕಡೆ ಸುಮ್ಮನೆ ಕೂಡಿ. ದುರ್ಬೀನು ಇದ್ದರೆ ಒಳ್ಳೇದು, ಇಲ್ಲದಿದ್ದರೂ ನಡೆದೀತು. ಹಾರ್ನ್ ಬೇಡ, ಪಟಾಕಿ ಬೇಡ, ಮೇಲೆ ಡ್ರೋನು ಬಿಡುವುದಂತೂ ಬೇಡವೇ ಬೇಡ. ಹಕ್ಕಿ ತಲೆ ಎತ್ತಿ ನಿಮ್ಮ ಕಡೆ ನೋಡತೊಡಗಿದರೆ ನೀವು ಹತ್ತಿರ ಹೋದದ್ದು ಜಾಸ್ತಿಯಾಯಿತು ಅಂತ ಅರ್ಥ. ಎರಡು ಹೆಜ್ಜೆ ಹಿಂದೆ ಬನ್ನಿ.

ಅಧಿಕಾರಿಗಳಲ್ಲಿ ನಮ್ಮ ಕೋರಿಕೆ ಎರಡೇ. ಫೆಬ್ರವರಿ, ಮಾರ್ಚ್ ಎರಡು ತಿಂಗಳು ನೀರಿನ ಅಂಚಿಗೆ ಯಾರೂ ಇಳಿಯದಂತೆ ಊರಿನವರನ್ನೇ ಸಂಬಳ ಕೊಟ್ಟು ಕಾವಲಿಡಿ. ಹೊಲ ಮೇಯ್ದ ಲೆಕ್ಕವನ್ನು ರೈತರ ಎದುರಿಗೇ ಬರೆದು, ನಷ್ಟವಾದದ್ದಕ್ಕೆ ದುಡ್ಡು ಕೊಡಿ. ಬೋರ್ಡಿನ ಮೇಲಿನ ಹೆಸರು ಉಳಿಯಬೇಕಾದರೆ ಕೆರೆಗೆ ಹಕ್ಕಿ ಬರಬೇಕು. ಹಕ್ಕಿ ಬರಬೇಕಾದರೆ ಈ ವರ್ಷ ಹೊರಟದ್ದು ಸುಖವಾಗಿ ಊರು ಮುಟ್ಟಬೇಕು. ಸಂಬಂಧಪಟ್ಟವರು ಗಮನ ಹರಿಸುವರೇ?