ಸ್ಟ್ರಾಬೆರಿಗೆ ಹಸಿ ಸಗಣಿ ಬೇಡ

ಹಾಲು ಉತ್ಪಾದಕ ಸಹೋದರಿಯರೇ,

ಬಂಗಾರಪೇಟೆ ಕಡೆಯ ಹಳ್ಳಿಗಳಿಗೆ ಹಸು ನೋಡಲು ಬಂದಾಗ ಒಂದೆರಡು ಮನೆಗಳ ಹಿತ್ತಲಲ್ಲಿ ಸ್ಟ್ರಾಬೆರಿ ಕುಂಡಗಳನ್ನು ಕಂಡೆ. ಮಕ್ಕಳ ಆಸೆಗೆ ಹತ್ತು ಗಿಡ ಬೆಳೆಸುವುದು ಒಳ್ಳೆಯದೇ. ಆದರೆ ಬುಡಕ್ಕೆ ಅಂದಿನ ಸಗಣಿಯನ್ನೇ ಕದಡಿ ಹಾಕಿದ್ದರು. ಇದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಬದನೆ, ಹುರುಳಿಕಾಯಿಯನ್ನು ಬೇಯಿಸಿ ತಿನ್ನುತ್ತೇವೆ. ಸ್ಟ್ರಾಬೆರಿ ಹಾಗಲ್ಲ. ಮಣ್ಣಿಗೆ ತಾಗಿಕೊಂಡೇ ಹಣ್ಣಾಗುತ್ತದೆ, ಸಿಪ್ಪೆ ಸುಲಿಯುವಂತಿಲ್ಲ, ಮಗು ಕಿತ್ತ ಕೈಯಲ್ಲೇ ಬಾಯಿಗೆ ಹಾಕಿಕೊಳ್ಳುತ್ತದೆ. ಆರೋಗ್ಯವಾಗಿ ಕಾಣುವ ಹಸುವಿನ ಸಗಣಿಯಲ್ಲೂ ಇ. ಕೋಲೈ, ಸಾಲ್ಮೊನೆಲ್ಲಾದಂಥ ರೋಗಾಣುಗಳು ಇರಬಹುದು. ಹಸುವಿಗೆ ಏನೂ ಆಗದಿದ್ದರೂ ಮಗುವಿಗೆ ರಕ್ತಭೇದಿ ತರಬಲ್ಲವು.

"ಅಜ್ಜಿ ಕಾಲದಿಂದ ಹಾಕುತ್ತಿದ್ದೇವೆ ಡಾಕ್ಟ್ರೇ" ಎನ್ನುತ್ತೀರಿ. ಅಜ್ಜಿ ಹಾಕುತ್ತಿದ್ದುದು ತಿಪ್ಪೆಯಲ್ಲಿ ತಿಂಗಳುಗಟ್ಟಲೆ ಕಳಿತ ಗೊಬ್ಬರ. ನೀವೂ ಅದನ್ನೇ ಹಾಕಿ.

ಅಕ್ಟೋಬರ್‌ನಲ್ಲಿ ಸಸಿ ನೆಡುವಾಗಲೇ ಪೂರ್ತಿ ಕಳಿತ ಗೊಬ್ಬರ ಅಥವಾ ಎರೆಗೊಬ್ಬರ ಬೆರೆಸಿ. ಆಮೇಲೆ ಸಗಣಿ ನೀರು ಬೇಡ. ಹಣ್ಣು ಮಣ್ಣಿಗೆ ತಾಗದಂತೆ ಬುಡಕ್ಕೆ ಒಣ ತರಗು ಹಾಸಿ. ರಾಗಿ ಹುಲ್ಲು ಹಸುವಿಗಿರಲಿ. ನಮ್ಮಲ್ಲಿ ನೀರಿನ ಕಷ್ಟ ಗೊತ್ತು, ಆದರೂ ಕೊಟ್ಟಿಗೆ ತೊಳೆದ ನೀರನ್ನು ಸೀಮೆಹುಲ್ಲಿಗೆ ಹರಿಸಿ, ಕುಂಡಕ್ಕೆ ಬೋರ್‌ವೆಲ್ ನೀರನ್ನೇ ಚೊಂಬಿನಲ್ಲಿ ಹಾಕಿ. ಚಳಿಗಾಲದಲ್ಲಿ ಹಣ್ಣು ಸಿಗುತ್ತದೆ. ಬೇಸಿಗೆ ಬಂದರೆ ಕುಂಡವನ್ನು ನೆರಳಿಗೆ ಸರಿಸಿ.

ಮಾರಿ ದುಡ್ಡು ಮಾಡುವ ಬೆಳೆ ಇದಲ್ಲ, ಮನೆಗೆ ಹಾಲಿನ ಬಟವಾಡೆಯೇ ಆಧಾರ. ಹಾಲು ಕರೆಯುವ ಮುನ್ನ ಕೆಚ್ಚಲು ತೊಳೆಯುವ ನೀವು, ಮಗುವಿನ ಕೈಗೆ ಹಣ್ಣು ಕೊಡುವ ಮುನ್ನ ಅದನ್ನೂ ತೊಳೆಯಿರಿ.

– ಪಶುವೈದ್ಯಾಧಿಕಾರಿ