ರಥ ತೂಗುವ ತಕ್ಕಡಿ

ಉದ್ಯೋಗಪರ್ವದಲ್ಲಿ ಭೀಷ್ಮನು ವೀರರ ಬಲವನ್ನೆಣಿಸುತ್ತ ಕರ್ಣನನ್ನು ಅರ್ಧರಥನೆಂದುದೂ, ಅವನು ಮುನಿದು ಶಸ್ತ್ರವನ್ನಿಟ್ಟುದೂ ವಾಚಕರಿಗೆ ವಿದಿತವೇ. ಅಂತಹ ಎಣಿಕೆಯು ‘ವಾರ್ ಥಂಡರ್’ ಎಂಬ ಅಂತರ್ಜಾಲದ ಯುದ್ಧದಾಟದಲ್ಲಿಯೂ ಉಂಟು. ಅಲ್ಲಿ ಒಂದೊಂದು ಟ್ಯಾಂಕಿಗೂ ವಿಮಾನಕ್ಕೂ ಒಂದೊಂದು ಅಂಕ. 5.0 ಅಂಕದ ಟ್ಯಾಂಕು 4.0ರಿಂದ 6.0ರವರೆಗಿನವುಗಳನ್ನು ಮಾತ್ರ ಎದುರಿಸತಕ್ಕದ್ದು.

ಈ ಅಂಕವನ್ನು ಮುಖ್ಯವಾಗಿ ನಿರ್ಣಯಿಸುವುದು ಕವಚದ ದಪ್ಪವಲ್ಲ, ತಯಾರಾದ ವರ್ಷವೂ ಅಲ್ಲ. ಆ ವಾಹನದಿಂದ ಆಟಗಾರರು ಪಡೆದ ಫಲಗಳ ಸರಾಸರಿ. ಆದುದರಿಂದ ಬಹುಮಟ್ಟಿಗೆ ನಿಪುಣರೇ ನಡೆಯಿಸುವ ಸಾಧಾರಣ ಟ್ಯಾಂಕು 5.0ರಿಂದ 5.3ಕ್ಕೇರಬಹುದು. ಇದು ಅಲ್ಪವೆಂದು ತೋರೀತು! ಆದರೆ ಇನ್ನು ಮೇಲೆ 6.3ರ ಬಲಾಢ್ಯರೂ ಅದಕ್ಕೆ ಇದಿರಾಳಿಗಳು. ನಿಪುಣನು ಹೇಗೋ ನಿಭಾಯಿಸುವನು. ತಿಂಗಳುಗಟ್ಟಲೆ ಆಡಿ ಆ ಟ್ಯಾಂಕನ್ನು ಸಂಪಾದಿಸಿದ ಹೊಸಬನು ಕ್ಷಣಾರ್ಧದಲ್ಲಿ ನುಚ್ಚುನೂರಾಗುವನು. ರಥವನ್ನು ತೂಗಹೋಗಿ ಸಾರಥಿಗಳನ್ನು ತೂಗಿದ ಈ ಲೆಕ್ಕವನ್ನು ನ್ಯಾಯವೆನ್ನಲು ನಮಗೆ ಮನಸ್ಸೊಪ್ಪದು.