ಲೆಕ್ಕಕ್ಕೆ ಸಿಗದ ಸಾವು

ಗಿರಣಿಯ ಒಂದು ಪಾಳಿಗೆ ಎಂಟು ಗಂಟೆ. ಅಷ್ಟು ಹೊತ್ತಿನಲ್ಲಿ ಪ್ರಪಂಚದಲ್ಲಿ ಸುಮಾರು ಹತ್ತು ಸಾವಿರ ಜನ ನಂಜೇರಿ ಸಾಯುತ್ತಾರೆಂದರೆ ವಾಚಕರು ನಂಬಲಾರರು. ಆದರೆ ಲೆಕ್ಕ ನಮ್ಮದಲ್ಲ. 2017ರ ಒಂದೇ ವರ್ಷದಲ್ಲಿ 4 ಕೋಟಿ 89 ಲಕ್ಷ ಜನಕ್ಕೆ ನಂಜು ತಗಲಿತೆಂದೂ, 1 ಕೋಟಿ 10 ಲಕ್ಷ ಜನ ಸತ್ತರೆಂದೂ ವಿಜ್ಞಾನಿಗಳು 2020ರಲ್ಲಿ ಅಂದಾಜು ಪ್ರಕಟಿಸಿದರು. ಆ ವರ್ಷ ಸತ್ತ ಐವರಲ್ಲಿ ಸುಮಾರು ಒಬ್ಬರು ಇದಕ್ಕೆ ತುತ್ತಾದವರು. ನಂಜು ತಗಲಿದ ನೂರು ಜನರಲ್ಲಿ 85 ಮಂದಿ ಬಡ ಮತ್ತು ಮಧ್ಯಮ ಸ್ಥಿತಿಯ ದೇಶಗಳವರು. ಐದು ವರ್ಷದೊಳಗಿನ ಮಕ್ಕಳೇ ಸುಮಾರು 2 ಕೋಟಿ.

ವೈದ್ಯರು ಇದನ್ನು ಸೆಪ್ಸಿಸ್ ಎನ್ನುತ್ತಾರೆ. ಯಂತ್ರ ತರಚಿದ ಬೆರಳು, ಎದೆಯ ಕಫ, ಉರಿಮೂತ್ರ, ಹೆರಿಗೆ, ಯಾವುದರಿಂದಲಾದರೂ ಇದು ಹುಟ್ಟಬಹುದು. ರೋಗಾಣುವಿನೊಡನೆ ಹೋರಾಡಬೇಕಾದ ದೇಹದ ಶಕ್ತಿಯೇ ಹತೋಟಿ ತಪ್ಪಿ ಸ್ವಂತ ಅಂಗಗಳನ್ನು ಕೆಡಿಸುತ್ತದೆ. ಏದುಸಿರು, ನಡುಕ, ಮಾತಿನ ತೊದಲು, ಬುದ್ಧಿಯ ಮಂಕು, ಮೂತ್ರ ಕಡಿಮೆಯಾಗುವುದು ಇದರ ಲಕ್ಷಣಗಳು. ಜ್ವರ ಸುಡಬಹುದು, ಮೈ ತಣ್ಣಗೂ ಆಗಬಹುದು. ಇವು ಕಂಡಾಗ ಬೆಳಗಾಗಲಿ ಎಂದು ಕಾಯುವುದು ಪ್ರಾಣಕ್ಕೆ ಅಪಾಯ. ರಕ್ತದೊತ್ತಡ ಕುಸಿದವನಿಗೆ ಒಂದು ಗಂಟೆಯೊಳಗೆ ಔಷಧ ಸೇರಬೇಕು.

ಇಷ್ಟು ಜನರನ್ನು ಕೊಲ್ಲುವ ರೋಗದ ಹೆಸರು ನಮಗೇಕೆ ಗೊತ್ತಿಲ್ಲ? ಸಾವಿನ ಕಾಗದದಲ್ಲಿ ಜ್ವರ, ನ್ಯುಮೋನಿಯಾ, ಹೆರಿಗೆ ಎಂದು ಬರೆದು ಮುಗಿಸುವುದರಿಂದ. ಹೆಸರಿಲ್ಲದ ರೋಗಕ್ಕೆ ಲೆಕ್ಕವಿಲ್ಲ. ಲೆಕ್ಕವಿಲ್ಲದ ರೋಗಕ್ಕೆ ಬಜೆಟ್ಟಿನಲ್ಲಿ ಹಣವಿಲ್ಲ.

ಇದು ವಿಧಿಯಲ್ಲ. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಡಾಕ್ಟರ್ ಸೆಮ್ಮೆಲ್‌ವೈಸ್ ಹೆಣ ಕೊಯ್ದು ಬಂದ ವೈದ್ಯರು ಕ್ಲೋರಿನ್ ನೀರಿನಲ್ಲಿ ಕೈ ತೊಳೆದೇ ಹೆರಿಗೆ ಮಾಡಿಸಬೇಕೆಂದು ಕಟ್ಟುಮಾಡಿದ. ಬಾಣಂತಿಯರ ಸಾವು ತಕ್ಷಣ ಇಳಿಯಿತು. ನ್ಯೂಯಾರ್ಕಿನಲ್ಲಿ 2012ರಲ್ಲಿ ಶಾಲೆಯಲ್ಲಿ ಆಡುವಾಗ ಕೈ ತರಚಿಕೊಂಡ 12 ವರ್ಷದ ಹುಡುಗ ನಂಜಿನಿಂದ ಸತ್ತ. ತಂದೆತಾಯಿ ಸುಮ್ಮನೆ ಕೂರಲಿಲ್ಲ. ಆಸ್ಪತ್ರೆಗಳು ನಂಜನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡಬೇಕೆಂಬ ನಿಯಮ 2013ರಲ್ಲಿ ಆ ರಾಜ್ಯದಲ್ಲಿ ಬಂತು. ಜನ ಕೇಳಿದರೆ ಸರ್ಕಾರ ಏಳುತ್ತದೆ.

2017ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ನಂಜಿನ ತಡೆ, ಪತ್ತೆ ಮತ್ತು ಚಿಕಿತ್ಸೆಯನ್ನು ಎಲ್ಲ ದೇಶಗಳೂ ತಮ್ಮ ಆರೋಗ್ಯ ವ್ಯವಸ್ಥೆಯಲ್ಲಿ ಸೇರಿಸಬೇಕೆಂದು ನಿರ್ಣಯ ಮಾಡಿತು. ಅದೇ ವರ್ಷ ಭಾರತದ ರಾಷ್ಟ್ರೀಯ ಆರೋಗ್ಯ ನೀತಿಯೂ ಒಂದು ಮಾತು ಕೊಟ್ಟಿತು: 2025ರೊಳಗೆ ದೇಶದ ಒಟ್ಟು ಉತ್ಪನ್ನದ ನೂರಕ್ಕೆ 2.5 ಪಾಲನ್ನು ಸರ್ಕಾರಗಳು ಆರೋಗ್ಯಕ್ಕೆ ಖರ್ಚು ಮಾಡುವುವೆಂದು. 2021-22ರ ಸರ್ಕಾರದ ಲೆಕ್ಕದಲ್ಲೇ ಅದು 1.84 ಇತ್ತು. ನಿರ್ಣಯದ ಕಾಗದ ಯಾರ ರಕ್ತನಾಳಕ್ಕೂ ಔಷಧ ಏರಿಸುವುದಿಲ್ಲ.

ಗಿರಣಿಯ ಕೆಲಸಗಾರನಿಗೆ ಹೋರಾಡಿ ಪಡೆದ ಇ.ಎಸ್.ಐ. ಇದೆ. ಬೀದಿಬದಿಯ ಅಂಗಡಿಯವನಿಗೆ ಅದೂ ಇಲ್ಲ. ಅವನು ಒಂದು ದಿನ ಬಾಗಿಲು ಹಾಕಿದರೆ ಒಲೆ ಉರಿಯದು. ಆದ್ದರಿಂದ ನಾಳೆ ನೋಡೋಣ ಎನ್ನುತ್ತಾನೆ. ಆ ನಾಳೆಯಲ್ಲೇ ನಂಜು ಏರುತ್ತದೆ. ಹಣವಂತನಿಗೂ ನಂಜು ಬರುತ್ತದೆ, ಆದರೆ ಅವನ ಕಾರು ಬಾಗಿಲಲ್ಲೇ ಇರುತ್ತದೆ.

ನಾವು ಕೇಳುವುದು ಹೆಚ್ಚಿನದೇನಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿಯೂ ವೈದ್ಯ ಮತ್ತು ದಾದಿ ಇರಲಿ. ಆ್ಯಂಟಿಬಯಾಟಿಕ್, ಸಲೈನ್, ಆಮ್ಲಜನಕ ಕೈಗೆಟುಕುವಂತಿರಲಿ. ಹೆರಿಗೆ ಕೋಣೆಯಲ್ಲಿ ನೀರು, ಸಾಬೂನು ಇರಲಿ. ಸಾವಿನ ಕಾಗದದಲ್ಲಿ ನಂಜನ್ನು ನಂಜೆಂದೇ ಬರೆಯಲಿ. ನಾವೂ ನಮ್ಮ ಪಾಲು ಮಾಡೋಣ: ಗಾಯ ತೊಳೆಯೋಣ, ಮಕ್ಕಳಿಗೆ ಲಸಿಕೆ ಹಾಕಿಸೋಣ, ನೆಗಡಿಗೆಲ್ಲ ಆ್ಯಂಟಿಬಯಾಟಿಕ್ ನುಂಗಿ ಅದರ ಬಲ ಕೆಡಿಸದಿರೋಣ.

ಮುಂದಿನ ಚುನಾವಣೆಗೆ ಕೈಮುಗಿದು ಬರುವವರನ್ನು ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿ: ನಡುರಾತ್ರಿ ನನ್ನ ಮಗುವಿಗೆ ನಂಜೇರಿದರೆ ಒಂದು ಗಂಟೆಯೊಳಗೆ ಔಷಧ ಎಲ್ಲಿ ಸಿಗುತ್ತದೆ? ಉತ್ತರ ಬರುವವರೆಗೆ ದಾರಿ ಬಿಡಬೇಡಿ.